ಮೊದಲು ಸಾಮಾನು ಇಳಿಸಿ, ಆಮೇಲೆ ಮೀಟಿಂಗ್ ಮಾಡಿ

ಆ ವಿಡಿಯೋ ನೀವೂ ನೋಡಿರ್ತೀರಿ. ವಾಟ್ಸಾಪ್ ಗ್ರೂಪುಗಳಲ್ಲಿ ವರ್ಷಕ್ಕೊಂದು ಸಲ ಊರು ಸುತ್ತೋಕೆ ಹೊರಡುತ್ತೆ. ಸಿಸಿಟಿವಿಯ ಮಸುಕು ಚಿತ್ರ. ಗೋದಾಮಿನ ಎರಡು ಸಾಲು ರ‍್ಯಾಕುಗಳ ನಡುವೆ ಒಂದು ಫೋರ್ಕ್‌ಲಿಫ್ಟ್ ತಿರುಗುತ್ತೆ, ಅದರ ಹಿಂಭಾಗ ಒಂದು ಕಂಬಕ್ಕೆ ಸುಮ್ಮನೆ ಸವರಿದ ಹಾಗೆ ತಾಗುತ್ತೆ. ಒಂದು ಕ್ಷಣ ಏನೂ ಆಗಲ್ಲ. ಆಮೇಲೆ ಮೇಲಿಂದ ಪೆಟ್ಟಿಗೆಗಳು ಉದುರೋಕೆ ಶುರು. ಪಕ್ಕದ ಸಾಲು, ಅದರ ಪಕ್ಕದ ಸಾಲು, ಕೊನೆಗೆ ಪರದೆ ತುಂಬ ಬರೀ ಧೂಳು. ಕೆಳಗೆ ನಾಲ್ಕು ನಗುವ ಇಮೋಜಿ, "ಇವತ್ತೇ ಕೆಲಸಕ್ಕೆ ಸೇರಿದ್ದಂತೆ" ಅನ್ನೋ ಕ್ಯಾಪ್ಶನ್.

ನನಗೆ ಅಲ್ಲಿ ನಗು ಬರಲ್ಲ. ಗೋದಾಮು ಸುತ್ತೋದೇ ನನ್ನ ಕೆಲಸ. ಹೊಸಕೋಟೆ, ನೆಲಮಂಗಲ, ದಾಬಸ್‌ಪೇಟೆ, ಮಾಲೂರು, ಬೊಮ್ಮಸಂದ್ರ. ಕೈಯಲ್ಲಿ ಟಾರ್ಚು, ಟೇಪು, ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ. ಕಂಬಗಳು ನೆಟ್ಟಗಿವೆಯಾ ಅಂತ ನೋಡಿ ಬರೆದುಕೊಡೋದು. ಆ ವಿಡಿಯೋದಲ್ಲಿ ಕಾಣದ ಭಾಗ ನನಗೆ ಗೊತ್ತು. ಒಂದು ತಟ್ಟಿಗೆ ಇಡೀ ಸಾಲು ಮಲಗುತ್ತೆ ಅಂದ್ರೆ, ಬಹಳ ಸಲ ಆ ಕಂಬ ಅದಕ್ಕೂ ಮುಂಚೆಯೇ ಹತ್ತು ತಟ್ಟು ತಿಂದಿರುತ್ತೆ. ಯಾರೋ ನೋಡಿರ್ತಾರೆ. ಯಾರೋ ಫೋಟೋ ತೆಗೆದಿರ್ತಾರೆ. ಆ ಫೋಟೋ ಒಂದು ಇಮೇಲಿನಲ್ಲಿ ಕೂತಿರುತ್ತೆ, ಇಮೇಲಿನ ಸಬ್ಜೆಕ್ಟ್ ಸಾಲಿನಲ್ಲಿ ಒಂದು ಪ್ರಶ್ನೆ ಇರುತ್ತೆ: ರಿಪೇರಿ ಮಾಡೋದಾ, ಹೊಸದು ಹಾಕೋದಾ?

ನನ್ನ ತಕರಾರು ಇರೋದೇ ಈ ಪ್ರಶ್ನೆಯ ಮೇಲೆ. ಪ್ರಶ್ನೆ ತಪ್ಪು ಅಂತಲ್ಲ, ಕೇಳೋ ಹೊತ್ತು ತಪ್ಪು. ನಾನು ಕಣ್ಣಾರೆ ಕಂಡ ಒಂದು ಪ್ರಕರಣದಲ್ಲಿ ಈ ಚರ್ಚೆ ಏಳು ವಾರ ನಡೀತು. ಮೂರು ಕೊಟೇಶನ್, ಎರಡು ವಿಡಿಯೋ ಕಾಲ್, ಒಬ್ಬರು ಮುಂಬೈಯಿಂದ ವಿಮಾನದಲ್ಲಿ ಬಂದು ನೋಡಿಕೊಂಡು ಹೋದರು. ಆ ಏಳು ವಾರವೂ ಆ ಬಾಗಿದ ಕಂಬದ ಮೇಲೆ ಡಿಟರ್ಜೆಂಟ್ ಪುಡಿಯ ಚೀಲಗಳು ನಾಲ್ಕು ಅಂತಸ್ತು ತುಂಬ ಹಾಗೇ ಇದ್ದವು. ಕೆಳಗೆ ಹುಡುಗರು ಟ್ರಾಲಿ ತಳ್ಳಿಕೊಂಡು ಓಡಾಡ್ತಾ ಇದ್ದರು. ಕಂಬಕ್ಕೆ ಒಂದು ಕೆಂಪು-ಬಿಳಿ ಟೇಪು ಸುತ್ತಿದ್ದರು, ಗಣಪತಿ ಪೆಂಡಾಲಿಗೆ ಸುತ್ತಿದ ಹಾಗೆ. ಟೇಪು ಯಾರ ತೂಕವನ್ನೂ ಹೊರಲ್ಲ ಸ್ವಾಮಿ.

ಒಂದು ಸಣ್ಣ ಲೆಕ್ಕ ಮಾಡೋಣ. ಬೀಮಿನ ನಾಲ್ಕು ಅಂತಸ್ತು ಇದೆ ಅಂದುಕೊಳ್ಳಿ. ಪ್ರತಿ ಅಂತಸ್ತಿನಲ್ಲೂ ಎರಡು ಪ್ಯಾಲೆಟ್, ಒಂದೊಂದು ಒಂದು ಟನ್. ಅಲ್ಲಿಗೆ ಎರಡು ಫ್ರೇಮುಗಳ ನಡುವಿನ ಒಂದು ಅಂಕಣದಲ್ಲಿ ಎಂಟು ಟನ್. ನಡುವಿನ ಫ್ರೇಮಿಗೆ ಎಡಗಡೆಯ ಅಂಕಣದ ಅರ್ಧ, ಬಲಗಡೆಯದರ ಅರ್ಧ, ಒಟ್ಟು ಎಂಟು ಟನ್. ಆ ಫ್ರೇಮಿಗೆ ಎರಡು ಕಂಬ, ಅಂದರೆ ಒಂದೊಂದು ಕಂಬದ ಮೇಲೆ ನಾಲ್ಕು ಟನ್. ಇಷ್ಟನ್ನೂ ಹೊತ್ತಿರೋ ಕಂಬ ಏನು ಅಂದುಕೊಂಡಿದ್ದೀರಿ, ಹಳೇ ರೈಲ್ವೆ ಕಂಬಿಯಾ? ಅಲ್ಲ. ಸುಮಾರು ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ತಗಡನ್ನ ರೋಲರುಗಳ ನಡುವೆ ತಣ್ಣಗಿರುವಾಗಲೇ ಮಡಚಿ, ಉದ್ದಕ್ಕೂ ತೂತು ಹೊಡೆದು ಮಾಡಿದ, ಒಂದು ಕಡೆ ಬಾಯ್ತೆರೆದ ಪೆಟ್ಟಿಗೆಯಂಥ ವಸ್ತು. ಅದರ ಶಕ್ತಿಯೆಲ್ಲ ಇರೋದು ಅದರ ಆಕಾರದಲ್ಲಿ. ಪೋಸ್ಟ್‌ಕಾರ್ಡನ್ನ ಹಾಗೇ ನಿಲ್ಲಿಸಿದರೆ ಬೀಳುತ್ತೆ, ಮಡಚಿ ನಿಲ್ಲಿಸಿದರೆ ಮೇಲೆ ಪುಸ್ತಕ ಇಡಬಹುದು. ಆ ಮಡಿಕೆಯನ್ನ ಬೆರಳಲ್ಲಿ ಒಂದು ಕಡೆ ಒತ್ತಿ ನೋಡಿ, ಏನಾಗುತ್ತೆ ಅಂತ.

ಕಂಬ ನೆಟ್ಟಗಿದ್ದಷ್ಟು ಹೊತ್ತು ತೂಕ ಸೀದಾ ನೆಲಕ್ಕೆ ಇಳಿಯುತ್ತೆ. ಹತ್ತು ಮಿಲಿಮೀಟರ್ ಪಕ್ಕಕ್ಕೆ ಬಾಗಿತು ಅನ್ನಿ, ಆಗ ನಾಲ್ಕು ಟನ್ ಬರೀ ಒತ್ತಲ್ಲ, ಬಗ್ಗಿಸೋಕೂ ಶುರು ಮಾಡುತ್ತೆ. ಬಗ್ಗಿದಷ್ಟೂ ಬಗ್ಗಿಸೋ ಬಲ ಜಾಸ್ತಿ, ಬಲ ಜಾಸ್ತಿ ಆದಷ್ಟೂ ಇನ್ನಷ್ಟು ಬಾಗು. ಎಲ್ಲಿಯವರೆಗೂ ಸುಮ್ಮನಿರುತ್ತೋ ಅಲ್ಲಿಯವರೆಗೂ ಸುಮ್ಮನಿರುತ್ತೆ, ಆಮೇಲೆ ಒಂದೇ ಏಟಿಗೆ. ಮರದ ಕೊಂಬೆಯ ಹಾಗೆ ಕಿರುಗುಟ್ಟಿ ಎಚ್ಚರಿಕೆ ಕೊಡುವಷ್ಟು ಸೌಜನ್ಯ ತೆಳು ಉಕ್ಕಿಗೆ ಇರಲ್ಲ. "ಸಾರ್, ಆರು ತಿಂಗಳಿಂದ ಹಿಂಗೇ ಇದೆ, ಏನೂ ಆಗಿಲ್ಲ" ಅಂತ ಸೂಪರ್‌ವೈಸರ್ ನನಗೆ ಧೈರ್ಯ ಹೇಳ್ತಾರಲ್ಲ, ಅವರು ಸುಳ್ಳು ಹೇಳ್ತಿಲ್ಲ. ಆರು ತಿಂಗಳಿಂದ ಅಲ್ಲಿ ಅರ್ಧ ತೂಕ ಇತ್ತೋ, ಪೂರ್ತಿ ತೂಕ ಇತ್ತೋ ಅಂತ ಅವರಿಗೂ ಗೊತ್ತಿಲ್ಲ ಅಷ್ಟೇ.

ಎಷ್ಟು ಬಾಗಿದರೆ ಎಷ್ಟು ಅಪಾಯ ಅಂತ ಹೇಳೋಕೆ ಯಾರೂ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಯುರೋಪಿನವರು ಇಎನ್ 15635 ಅಂತ ಒಂದು ಮಾನದಂಡ ಮಾಡಿಟ್ಟಿದ್ದಾರೆ, ನಮ್ಮಲ್ಲೂ ದೊಡ್ಡ ಕಂಪನಿಗಳ ಆಡಿಟ್ಟುಗಳಲ್ಲಿ ಓಡೋದು ಅದೇ. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನ ಕಂಬಕ್ಕೆ ಆನಿಸಿ ನಡುವಿನ ಸಂದು ಅಳೀಬೇಕು. ಒಂದು ದಿಕ್ಕಿಗೆ 3 ಮಿಲಿಮೀಟರ್, ಇನ್ನೊಂದು ದಿಕ್ಕಿಗೆ 5, ಕಂಬಗಳನ್ನ ಅಡ್ಡಡ್ಡ ಜೋಡಿಸೋ ಬ್ರೇಸಿಂಗ್ ಪಟ್ಟಿಗಳಿಗೆ 10. ಅಷ್ಟರೊಳಗಿದ್ದರೆ ಹಸಿರು, ಬರೆದಿಟ್ಟುಕೊಂಡು ಕಣ್ಣಿಟ್ಟಿರಿ. ಅದನ್ನ ಮೀರಿದರೆ ಅಂಬರ್: ಇರೋ ಸಾಮಾನು ಹೊರಗೆ ಹೋದ ಮೇಲೆ ಹೊಸದಾಗಿ ತುಂಬೋ ಹಾಗಿಲ್ಲ, ನಾಲ್ಕು ವಾರದಲ್ಲಿ ಸರಿ ಮಾಡದಿದ್ದರೆ ಕೆಂಪು. ಎರಡು ಪಟ್ಟು ಮೀರಿದರೆ ನೇರವಾಗಿ ಕೆಂಪು: ಈಗಲೇ ಖಾಲಿ ಮಾಡಿ. ಇವತ್ತು ಸಂಜೆಯಲ್ಲ, ಶಿಫ್ಟ್ ಮುಗಿದ ಮೇಲಲ್ಲ. ಅಮೆರಿಕದ ರ‍್ಯಾಕ್ ತಯಾರಕರ ಮಾನದಂಡ ಇನ್ನೂ ಕಟ್ಟುನಿಟ್ಟು. ಕಣ್ಣಿಗೆ ಕಾಣೋ ಪೆಟ್ಟು ಬಿದ್ದಿದ್ದರೆ ಆ ಭಾಗ ತಕ್ಷಣ ಖಾಲಿ ಮಾಡಿ, ಸರಿಯಾಗೋವರೆಗೂ ಬಳಸಬೇಡಿ ಅನ್ನುತ್ತೆ.

ಎರಡು ಕಡೆಯೂ ಕ್ರಮ ಒಂದೇ ಅನ್ನೋದನ್ನ ಗಮನಿಸಿ. ಖಾಲಿ ಮಾಡೋದು ಮೊದಲು. ರಿಪೇರಿಯೋ ಬದಲಿಯೋ ಅನ್ನೋ ಪಂಚಾಯ್ತಿ ಆಮೇಲೆ, ನಿಧಾನವಾಗಿ, ಕಾಫಿ ಕುಡೀತಾ. ಖಾಲಿ ಕಂಬದ ಬಗ್ಗೆ ಏಳು ವಾರ ಅಲ್ಲ, ಏಳು ತಿಂಗಳು ಮೀಟಿಂಗ್ ಮಾಡಿ, ನನ್ನದೇನೂ ಅಭ್ಯಂತರ ಇಲ್ಲ.

ಹಾಗಾದರೆ ಆ ಪಂಚಾಯ್ತಿಯಲ್ಲಿ ಏನಾಗುತ್ತೆ? ಎರಡು ಪಕ್ಷ ಇರುತ್ತೆ, ನನಗೆ ಎರಡರ ಮೇಲೂ ಸಿಟ್ಟು.

ಮೊದಲನೆಯವರು ವೆಲ್ಡಿಂಗ್ ಪಕ್ಷ. "ಪಕ್ಕದಲ್ಲೇ ನಮ್ಮ ಹುಡುಗ ಇದಾನೆ ಸಾರ್, ಗೇಟು ಗ್ರಿಲ್ಲು ಎಲ್ಲಾ ಮಾಡ್ತಾನೆ, ಒಂದು ಗಂಟೆ ಕೆಲಸ." ಹುಡುಗ ಬರ್ತಾನೆ, ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸ್ತಾನೆ, ಸುತ್ತಿಗೆಯಲ್ಲಿ ನಾಲ್ಕು ಬಡೀತಾನೆ, ಮೇಲೊಂದು ಆಂಗಲ್ ಪಟ್ಟಿ ಇಟ್ಟು ವೆಲ್ಡ್ ಮಾಡಿ, ನೀಲಿ ಪೇಂಟ್ ಹೊಡೆದು ಹೋಗ್ತಾನೆ. ನೋಡೋಕೆ ನೆಟ್ಟಗೆ. ನಾನು ಬೈತಾ ಇರೋದು ಆ ಹುಡುಗನನ್ನಲ್ಲ. ಅವನಿಗೆ ಹೇಳಿದ್ದನ್ನ ಅವನು ಶ್ರದ್ಧೆಯಿಂದ ಮಾಡಿದ. ಆದರೆ ಆ ಉಕ್ಕು ತಣ್ಣಗಿರುವಾಗ ಮಡಚಿದ್ದರಿಂದಲೇ ಆ ಮೂಲೆಗಳಲ್ಲಿ ಹೆಚ್ಚಿನ ಬಿಗಿ ಪಡೆದಿತ್ತು. ಕಾಯಿಸಿದ ತಕ್ಷಣ ಆ ಬಿಗಿ ಹೋಯ್ತು. ಸತು ಲೇಪನ ಇದ್ದರೆ ಅದು ಸುಟ್ಟು ಹೊಗೆಯಾಗಿ ಅವನ ಮೂಗಿಗೇ ಹೋಯ್ತು, ರಾತ್ರಿ ಚಳಿಜ್ವರ ಬಂದರೆ ಯಾಕೆ ಅಂತ ಅವನಿಗೆ ಯಾರೂ ಹೇಳಲ್ಲ. ಪೇಂಟ್ ಹೊಡೆದಿದ್ದು ಎಲ್ಲಕ್ಕಿಂತ ದೊಡ್ಡ ದ್ರೋಹ. ಬಾಗಿದ ಕಂಬದಲ್ಲಿ ಬಣ್ಣ ಬಿರುಕು ಬಿಡುತ್ತೆ, ಆ ಬಿರುಕಿನಲ್ಲಿ ತುಕ್ಕು ಕೂರುತ್ತೆ, ಪೆಟ್ಟು ಹಳೇದೋ ಹೊಸದೋ ಅಂತ ನಮ್ಮಂಥವರು ಹೇಳೋದು ಅದನ್ನ ನೋಡಿಯೇ. ಗಾಯ ವಾಸಿ ಮಾಡದೆ ಗಾಯದ ಗುರುತು ಅಳಿಸಿದ ಹಾಗಾಯ್ತು. ಮಾನದಂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಪೆಟ್ಟಾದ ಭಾಗವನ್ನ ತಯಾರಕರ ಅಥವಾ ಸಪ್ಲೈಯರ್‌ಗಳ ಒಪ್ಪಿಗೆ ಇಲ್ಲದೆ ಹೀಗೆ ಸರಿಮಾಡೋ ಹಾಗಿಲ್ಲ.

ಎರಡನೆಯವರು ಎಲ್ಲಾ ಬದಲಾಯಿಸಿ ಪಕ್ಷ. ಇವರು ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬರ್ತಾರೆ, ಜೊತೆಗೆ ಪ್ರೆಸೆಂಟೇಶನ್ ಇರುತ್ತೆ. ಮೂವತ್ತು ಕಂಬದಲ್ಲಿ ಪೆಟ್ಟು ಕಂಡರೆ ಇಡೀ ಗೋದಾಮಿನ ರ‍್ಯಾಕು ಬದಲಾಯಿಸೋಕೆ ಕೊಟೇಶನ್ ಕೊಡ್ತಾರೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರಂತೆ ಅನ್ನೋ ಗಾದೆಗೆ ಇವರು ಜಿಎಸ್‌ಟಿ ಸೇರಿಸಿ ಬಿಲ್ ಮಾಡ್ತಾರೆ. ಈ ಪಕ್ಷದಿಂದ ಆಗೋ ಹಾನಿ ಬರೀ ದುಡ್ಡಿನದಲ್ಲ. ಅಷ್ಟು ದೊಡ್ಡ ಮೊತ್ತ ನೋಡಿ ಮ್ಯಾನೇಜರ್ ಬೆಚ್ಚಿಬಿದ್ದು ಫೈಲ್ ಮುಚ್ಚಿ ವೆಲ್ಡಿಂಗ್ ಹುಡುಗನಿಗೆ ಫೋನ್ ಮಾಡ್ತಾರೆ. ಅತಿಯಾದ ಕೊಟೇಶನ್ನೇ ಎಷ್ಟೋ ಸಲ ಕಳಪೆ ರಿಪೇರಿಯ ತಾಯಿ.

ನನ್ನ ನಿಲುವು ಹೇಳಿಬಿಡ್ತೀನಿ. ಬೀಮ್ ವಿಷಯದಲ್ಲಿ ಚರ್ಚೆಯೇ ಬೇಡ, ಬದಲಾಯಿಸಿ. 2.7 ಮೀಟರಿನ ಬೀಮ್ ತೂಕ ಹೊತ್ತಾಗ ನಡುವೆ 13 ಮಿಲಿಮೀಟರ್ ತನಕ ಬಾಗೋದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಸಾಮಾನು ಇಳಿಸಿದ ಮೇಲೂ ಬಾಗಿಕೊಂಡೇ ಇದ್ದರೆ, ತುದಿಯ ಕೊಕ್ಕೆ ಹರಿದಿದ್ದರೆ, ವೆಲ್ಡ್ ಬಿರುಕು ಬಿಟ್ಟಿದ್ದರೆ ಅದರ ಆಯಸ್ಸು ಮುಗೀತು. ಬೀಮ್ ಬಿಚ್ಚಿ ಹಾಕೋದು ಸುಲಭ, ಬೆಲೆಯೂ ದೊಡ್ಡದಲ್ಲ, ಅದನ್ನ ರಿಪೇರಿ ಮಾಡೋದು ಜಿಪುಣತನ ಅಲ್ಲ, ಹುಚ್ಚುತನ. ಬೀಮ್ ಕಳಚದಂತೆ ಹಾಕೋ ಲಾಕ್ ಪಿನ್ ಕಾಣೆಯಾಗಿರೋ ಕಡೆ ಮೊಳೆ, ಬೈಂಡಿಂಗ್ ವೈರು, ಒಂದು ಕಡೆಯಂತೂ ಹಲ್ಲುಜ್ಜೋ ಬ್ರಷ್ಷಿನ ಹಿಡಿ ಸಿಕ್ಕಿಸಿದ್ದನ್ನ ನೋಡಿದ್ದೀನಿ.

ಕಂಬದ ಕಥೆ ಬೇರೆ. ಪೆಟ್ಟು ಬೀಳೋದು ಬಹುಪಾಲು ಕೆಳಗಿನ ಮೊಣಕಾಲೆತ್ತರದಲ್ಲಿ, ಫೋರ್ಕ್‌ಲಿಫ್ಟಿನ ಮೈ ತಾಗೋ ಜಾಗದಲ್ಲಿ. ಮೇಲಿನ ಐದಾರು ಮೀಟರ್ ಕಂಬ ಚೆನ್ನಾಗಿಯೇ ಇರುತ್ತೆ. ಹಾಗಿದ್ದಾಗ ಕೆಳಗಿನ ಹಾಳಾದ ತುಂಡನ್ನ ಕತ್ತರಿಸಿ, ಲೆಕ್ಕ ಹಾಕಿ ವಿನ್ಯಾಸ ಮಾಡಿದ ಇನ್ನೂ ಗಟ್ಟಿಯಾದ ಭಾಗವನ್ನ ಬೋಲ್ಟ್ ಹಾಕಿ ಕೂರಿಸೋ ಕಿಟ್‌ಗಳು ಸಿಗುತ್ತವೆ. ಅದು ಮರ್ಯಾದಸ್ಥ ರಿಪೇರಿ. ಶರತ್ತು ಇಷ್ಟೇ: ಮೊದಲಿದ್ದಷ್ಟು ತೂಕ ಹೊರುತ್ತೆ ಅಂತ ಒಬ್ಬ ಎಂಜಿನಿಯರ್ ಲೆಕ್ಕ ತೋರಿಸಿ ಸಹಿ ಹಾಕಬೇಕು. ಸಹಿ ಹಾಕೋಕೆ ಹಿಂದೇಟು ಹಾಕಿದರೆ ನಿಮಗೆ ಉತ್ತರ ಸಿಕ್ಕಿದೆ ಅಂತರ್ಥ. ನಮ್ಮಲ್ಲಿನ ಫ್ರೇಮುಗಳು ಹೆಚ್ಚಾಗಿ ನಟ್ಟು-ಬೋಲ್ಟಿನವು, ಹಾಗಾಗಿ ಅದೇ ಕಂಪನಿಯ ಅದೇ ಮಾದರಿಯ ಕಂಬ ಸಿಗೋದಾದರೆ ಒಂದೇ ಕಂಬ ಬದಲಾಯಿಸಬಹುದು. ಬಹಳ ಜನ ಇದನ್ನ ಕೇಳೋದೇ ಇಲ್ಲ. ಇಲ್ಲಿ ದುಬಾರಿ ಆಗೋದು ಉಕ್ಕಲ್ಲ, ಅದನ್ನ ಖಾಲಿ ಮಾಡೋದು, ಬಿಚ್ಚೋದು, ಹೊಸದು ಬರೋವರೆಗೂ ಕಾಯೋದು. ಪೆಟ್ಟು ಒಂದಕ್ಕಿಂತ ಹೆಚ್ಚು ಎತ್ತರದಲ್ಲಿದ್ದರೆ, ಕಂಬ ತಿರುಚಿಕೊಂಡಿದ್ದರೆ, ಬೀಮ್ ಕೂರೋ ತೂತು ಹರಿದಿದ್ದರೆ ಕಿಟ್ ಹುಡುಕಬೇಡಿ, ಕಂಬ ಬದಲಾಯಿಸಿ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಎರಡನೇ ಪಕ್ಷದವರ ಜೊತೆ ಸೇರ್ತೀನಿ. ರ‍್ಯಾಕು ಯಾರು ಮಾಡಿದ್ದು ಅಂತಲೇ ಗೊತ್ತಿಲ್ಲದಾಗ. ಯಾವುದೋ ಮುಚ್ಚಿದ ಫ್ಯಾಕ್ಟರಿಯಿಂದ ಗುಜರಿಯವರ ಕೈದಾಟಿ ಬಂದಿರುತ್ತೆ, ಎರಡು ಮೂರು ಕಂಪನಿಯ ತುಂಡುಗಳು ಬೆರೆತಿರುತ್ತವೆ, ಕೊಕ್ಕೆ ನೋಡೋಕೆ ಒಂದೇ ಥರ, ಕೂರೋದು ಮಾತ್ರ ಅರ್ಧಂಬರ್ಧ. ಎಷ್ಟು ತೂಕ ಅಂತ ಬರೆದ ಲೋಡ್ ಬೋರ್ಡೂ ಇಲ್ಲ. ಮೊದಲು ಎಷ್ಟು ಹೊರುತ್ತಿತ್ತು ಅಂತಲೇ ಗೊತ್ತಿಲ್ಲದ ಮೇಲೆ "ಮೊದಲಿನ ಹಾಗೆ ರಿಪೇರಿ" ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಹಾಂ, ಇನ್ನೊಂದು ಜಾಣತನ ಇದೆ. ಕೆಳಗಿನ ಬೀಮ್ ಪದೇಪದೇ ಪೆಟ್ಟು ತಿನ್ನುತ್ತೆ ಅಂತ ಅದನ್ನ ಅರ್ಧ ಮೀಟರ್ ಮೇಲಕ್ಕೆ ಎತ್ತಿಬಿಡೋದು. ಯಾರನ್ನೂ ಕೇಳಲ್ಲ, ಸುತ್ತಿಗೆ ಸಾಕು. ಬೀಮ್ ಅನ್ನೋದು ಬರೀ ಶೆಲ್ಫ್ ಅಲ್ಲ, ಕಂಬವನ್ನ ನಡುವೆ ಹಿಡಿದುಕೊಂಡಿರೋ ಕೈ ಕೂಡ. ಆ ಕೈ 1.5 ಮೀಟರಿನಿಂದ 2 ಮೀಟರಿಗೆ ಹೋದರೆ, ಆಯ್ಲರ್ 1744ರಲ್ಲಿ ಶುರುಮಾಡಿದ ಲೆಕ್ಕದ ಪ್ರಕಾರ ತೆಳ್ಳನೆಯ ಕಂಬದ ತಾಳಿಕೆ ಸುಮಾರು ಶೇಕಡಾ 44ರಷ್ಟು ಬೀಳುತ್ತೆ. ನಿಜವಾದ ರ‍್ಯಾಕ್ ಕಂಬದಲ್ಲಿ ಲೆಕ್ಕ ಇದಕ್ಕಿಂತ ಜಟಿಲ, ಇಳಿತ ಅಷ್ಟಿರಲಿಕ್ಕಿಲ್ಲ, ಆದರೆ ಹೋಗೋ ದಿಕ್ಕು ಅದೇ. ಇನ್ನೂರೈವತ್ತು ವರ್ಷಕ್ಕೂ ಹಳೇ ಗಣಿತವನ್ನ ಒಂದು ಸುತ್ತಿಗೆ ಹಿಡಿದು ಸೋಲಿಸೋಕೆ ಹೋಗಬೇಡಿ.

ಸರಿ, ಇಷ್ಟೆಲ್ಲ ಗೊತ್ತಿದ್ದರೂ ಯಾಕೆ ಏಳು ವಾರ? ಉಕ್ಕಿನ ಬಗ್ಗೆ ಅಜ್ಞಾನ ಅಂತ ನಾನು ಒಪ್ಪಲ್ಲ. ಇದು ಎಕ್ಸೆಲ್ ಶೀಟಿನ ಸಮಸ್ಯೆ. ರಿಪೇರಿ ಅಂದರೆ ದಿನನಿತ್ಯದ ಖರ್ಚು, ಸೈಟ್ ಮ್ಯಾನೇಜರ್ ತನ್ನ ಸಹಿಯಲ್ಲೇ ಮುಗಿಸಬಹುದು. ಹೊಸ ಕಂಬಗಳು ಅಂದರೆ ಬಂಡವಾಳ ವೆಚ್ಚ, ಹೆಡ್ ಆಫೀಸಿಗೆ ಹೋಗಬೇಕು, ಈ ವರ್ಷದ ಬಜೆಟ್ಟಿನಲ್ಲಿ ಇಲ್ಲ, ಮುಂದಿನ ಏಪ್ರಿಲ್ ನೋಡೋಣ. ಹಾಗಾಗಿ ಕಂಬ ರಿಪೇರಿಗೆ ಯೋಗ್ಯವೋ ಅಲ್ಲವೋ ಅನ್ನೋದನ್ನ ನಿರ್ಧರಿಸೋದು ಕಂಬದ ಬಾಗಲ್ಲ, ಮ್ಯಾನೇಜರ್ ಸಹಿಯ ಮಿತಿ. ಒಳ್ಳೇ ಮ್ಯಾನೇಜರ್‌ಗಳೂ ಈ ಬೋನಿಗೆ ಬೀಳ್ತಾರೆ.

ಅದರ ಮೇಲೆ ಈ ರ‍್ಯಾಕು ಯಾರದು ಅಂತ ಕೇಳಿ ನೋಡಿ. ಕಟ್ಟಡ ಒಬ್ಬರದು, ಬಾಡಿಗೆಗೆ. ರ‍್ಯಾಕು ಸರಕಿನ ಕಂಪನಿಯದು. ಗೋದಾಮು ನಡೆಸೋದು ಲಾಜಿಸ್ಟಿಕ್ಸ್ ಗುತ್ತಿಗೆದಾರ. ಫೋರ್ಕ್‌ಲಿಫ್ಟು ಇನ್ಯಾರಿಂದಲೋ ತಿಂಗಳ ಬಾಡಿಗೆಗೆ ಬಂದಿದ್ದು. ಅದನ್ನ ಓಡಿಸೋನು ಲೇಬರ್ ಕಾಂಟ್ರ್ಯಾಕ್ಟರ್ ಕಡೆಯವನು. ಕಂಬ ಬಾಗಿತು ಅಂದ ಕೂಡಲೇ ಐದು ಜನ ಐದು ಕಾಂಟ್ರ್ಯಾಕ್ಟ್ ತೆಗೀತಾರೆ. ಸರಕಿನವರು "ನೀವು ಹಾಳು ಮಾಡಿದ್ದು, ನೀವು ಕೊಡಿ" ಅಂತಾರೆ. ನಡೆಸೋರು "ಸಹಜ ಸವೆತ, ನಿಮ್ಮ ಆಸ್ತಿ, ನೀವು ನೋಡಿಕೊಳ್ಳಿ" ಅಂತಾರೆ. ಯಾರು ದುಡ್ಡು ಕೊಡಬೇಕು ಅನ್ನೋದು ತೀರ್ಮಾನ ಆಗೋವರೆಗೂ ಯಾರೂ ಖಾಲಿ ಮಾಡಲ್ಲ, ಯಾಕಂದ್ರೆ ಖಾಲಿ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಒಬ್ಬ ಮಹಾನುಭಾವರು ನನಗೇ ವಿವರಿಸಿದ್ದಾರೆ. ಅದೇನು ಕಾನೂನು ಜ್ಞಾನವೋ ಗೊತ್ತಿಲ್ಲ. ಕಾನೂನು ಅಂದಾಗ ನೆನಪಾಯ್ತು: ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ವ್ಯಾಖ್ಯಾನದಲ್ಲಿ ವ್ಯಾಪಾರಕ್ಕೆ ಬಳಸೋ ಗೋದಾಮೂ ಒಂದು 'ಅಂಗಡಿ'. ಆ ಕಾಯಿದೆ ನೋಡೋದು ಕೆಲಸದ ಗಂಟೆ, ರಜೆ, ನೋಂದಣಿ ಇಂಥವನ್ನ. ಹನ್ನೆರಡು ಮೀಟರ್ ಎತ್ತರದ ಉಕ್ಕಿನ ಕಾಡು ಮತ್ತು ಮೂಲೆಮನೆಯ ಕಿರಾಣಿ, ಎರಡೂ ಒಂದೇ ಪದದ ಕೆಳಗೆ.

ಈ ಎಲ್ಲರ ಜಗಳದಲ್ಲಿ ಕೊನೆಗೆ ದುಡ್ಡು ಕೊಡೋದು ಯಾರು ಗೊತ್ತಾ? ಎಷ್ಟೋ ಕಡೆ ಡ್ರೈವರ್. ಕಂಬಕ್ಕೆ ತಾಗಿಸಿದರೆ ಸಂಬಳದಲ್ಲಿ ಹಿಡೀತಾರೆ. ಶಿಸ್ತು ಬರಲಿ ಅಂತ ಮಾಡಿದ ನಿಯಮವಂತೆ. ಇದಕ್ಕಿಂತ ಅಪಾಯಕಾರಿ ನಿಯಮ ಗೋದಾಮಿನೊಳಗೆ ಇನ್ನೊಂದಿಲ್ಲ ಅಂತ ನಾನು ಯಾವ ವೇದಿಕೆಯಲ್ಲಿ ಬೇಕಾದರೂ ಹೇಳ್ತೀನಿ. ರಾತ್ರಿ ಎರಡು ಗಂಟೆಗೆ, ಒಬ್ಬನೇ ಇರುವಾಗ, ರಿವರ್ಸ್ ತೆಗೆಯುವಾಗ ತಾಗಿತು. ಹೇಳಿದರೆ ಈ ತಿಂಗಳು ಊರಿಗೆ ಕಳಿಸೋ ದುಡ್ಡಿಗೆ ಕತ್ತರಿ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ. ನೀವಾಗಿದ್ದರೆ ಏನು ಮಾಡ್ತಿದ್ದಿರಿ? ನನಗೊಬ್ಬ ಡ್ರೈವರ್ ತೋರಿಸಿದ್ದ, ಬಾಗಿದ ಕಂಬಕ್ಕೆ ಅಡ್ಡವಾಗಿ ಖಾಲಿ ಪ್ಯಾಲೆಟ್ಟುಗಳನ್ನ ಜೋಡಿಸಿಟ್ಟಿದ್ದನ್ನ. ಮರೆಮಾಡೋಕೆ. "ಎಲ್ಲರೂ ಇಡ್ತಾರೆ ಸಾರ್, ನಾನೊಬ್ನೇ ಅಲ್ಲ" ಅಂದ. ಆ ಗೋದಾಮಿನ ರಿಜಿಸ್ಟರಿನಲ್ಲಿ ಒಂದು ವರ್ಷದಿಂದ ಒಂದೇ ಒಂದು ಡಿಕ್ಕಿಯೂ ದಾಖಲಾಗಿರಲಿಲ್ಲ. ಗೋಡೆಯ ಮೇಲೆ ಅದಕ್ಕೊಂದು ಪ್ರಶಸ್ತಿ ಫಲಕ ಬೇರೆ.

ನೀವು ಸಾಫ್ಟ್‌ವೇರಿನಲ್ಲಿ ಇದ್ದರೆ ಇದು ನಿಮಗೆ ಹೊಸದಲ್ಲ. ತಪ್ಪು ಒಪ್ಪಿಕೊಂಡವನನ್ನ ಮೀಟಿಂಗಿನಲ್ಲಿ ಹುರಿದು ತಿನ್ನೋ ಟೀಮಿನಲ್ಲಿ ಬಗ್ ರಿಪೋರ್ಟ್ ಎಷ್ಟು ಬರುತ್ತೆ ಅಂತ ನಿಮಗೇ ಗೊತ್ತು. ಅದಕ್ಕೇ ಅಲ್ವಾ ನೀವು ಯಾರನ್ನೂ ದೂರದೆ ವಿಮರ್ಶೆ ಮಾಡೋದು ಅಂತ ಶುರು ಮಾಡಿದ್ದು? ಎಂಟನೇ ಮಹಡಿಯಲ್ಲಿ ಏಸಿಯೊಳಗೆ ಕೂತು ಕಲಿತ ಪಾಠ ಹೊಸಕೋಟೆ ತಲುಪೋಕೆ ಎಷ್ಟು ವರ್ಷ ಬೇಕು? ದಂಡ ತೆಗೆದುಹಾಕಿ, "ತಾಗಿತು ಅಂತ ಹೇಳಿದವನಿಗೆ ಏನೂ ಆಗಲ್ಲ, ಮುಚ್ಚಿಟ್ಟರೆ ಮಾತ್ರ ಕ್ರಮ" ಅಂತ ಬೋರ್ಡ್ ಹಾಕಿ. ಆಮೇಲೆ ನೋಡಿ, ಮೊದಲ ತಿಂಗಳಲ್ಲೇ ನಿಮ್ಮ ರಿಜಿಸ್ಟರ್ ತುಂಬುತ್ತೆ. ಹೆದರಬೇಡಿ, ಡಿಕ್ಕಿ ಜಾಸ್ತಿ ಆಗಿಲ್ಲ, ಸತ್ಯ ಜಾಸ್ತಿ ಆಗಿದೆ. ಒಂದೇ ಕಂಬಕ್ಕೆ ಮೂರು ಜನ ಬೇರೆಬೇರೆ ದಿನ ತಾಗಿಸಿದ್ದಾರೆ ಅಂತ ಗೊತ್ತಾದಾಗ ತಪ್ಪು ಚಾಲಕರದ್ದಲ್ಲ, ಆ ತಿರುವಿನದು ಅಂತಲೂ ತಿಳಿಯುತ್ತೆ. ದಾರಿ ಕಿರಿದಾಗಿರಬಹುದು, ದೀಪ ಹೋಗಿರಬಹುದು, ಕಂಬಕ್ಕೆ ಕಾವಲಾಗಿ ನೆಲಕ್ಕೆ ಬಿಗಿಯೋ ಗಾರ್ಡ್ ಇಲ್ಲದಿರಬಹುದು. ಅದನ್ನ ನೋಡದೆ ಹೊಸ ಕಂಬ ನಿಲ್ಲಿಸಿದರೆ ಮುಂದಿನ ಡಿಕ್ಕಿಗೆ ಹೊಸ ಗುರಿ ನಿಲ್ಲಿಸಿದ ಹಾಗೆ.

2016ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಹಿನ್‌ಸ್ಟಾಕ್ ಅನ್ನೋ ಹಳ್ಳಿಯ ಒಂದು ಗೋದಾಮಿನಲ್ಲಿ ರ‍್ಯಾಕುಗಳು ಕುಸಿದವು. ತುಂಬಿದ್ದದ್ದು ಚೀಸ್. ಅದರಡಿ ಒಬ್ಬ ಫೋರ್ಕ್‌ಲಿಫ್ಟ್ ಚಾಲಕ ಎಂಟು ಗಂಟೆಗೂ ಹೆಚ್ಚು ಹೊತ್ತು ಹೂತುಹೋಗಿದ್ದ. ಬದುಕಿ ಹೊರಬಂದ, ಹಾಗಾಗಿ ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು, ಚೀಸ್ ಅಂದ ಮೇಲೆ ಜೋಕುಗಳೂ ಬಂದವು. ಆ ಸುದ್ದಿ ಓದಿದಾಗ ನನ್ನ ತಲೆಗೆ ಬಂದದ್ದು ಬೇರೆಯೇ. ಫೋರ್ಕ್‌ಲಿಫ್ಟಿನಲ್ಲಿ ಕೂತವನ ತಲೆ ಮೇಲೆ ಕಬ್ಬಿಣದ ಪಂಜರವಾದರೂ ಇರುತ್ತೆ. ನಮ್ಮ ಗೋದಾಮುಗಳಲ್ಲಿ ಅದೇ ಸಾಲುಗಳ ನಡುವೆ ಕಾಲ್ನಡಿಗೆಯಲ್ಲಿ ಪೆಟ್ಟಿಗೆ ಹೆಕ್ಕೋ ಹುಡುಗ ಹುಡುಗಿಯರು ಎಷ್ಟು ಜನ! ಕೊಪ್ಪಳದಿಂದ ಬಂದವರು, ಒಡಿಶಾ, ಅಸ್ಸಾಮಿನಿಂದ ಬಂದವರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚೋಕೆ ಅವರಿಗೆ ತಂಪಾದ ಜಾಗ ಅಂದರೆ ರ‍್ಯಾಕಿನ ಕೆಳಗಿನ ಖಾಲಿ ಅಂಕಣವೇ. ತಲೆಗೆ ಹಳದಿ ಹೆಲ್ಮೆಟ್ ಇದೆಯಲ್ಲ ಅಂತೀರಾ? ಹೆಲ್ಮೆಟ್ಟಿಗೆ ಒಂದು ಟನ್ನಿನ ಲೆಕ್ಕ ಬರಲ್ಲ.

"ಹೇಳೋದು ಸುಲಭ ರೀ, ದಸರಾ-ದೀಪಾವಳಿ ಸೇಲ್ ಟೈಮಲ್ಲಿ ಜಾಗ ಎಲ್ಲಿಂದ ತರೋದು?" ಪ್ರತಿ ವರ್ಷ ಕೇಳೋ ಮಾತು. ಬನ್ನಿ, ಲೆಕ್ಕ ಹಾಕೋಣ. ಎರಡು ಸಾವಿರ ಪ್ಯಾಲೆಟ್ ಜಾಗದ ಗೋದಾಮು ಅಂದುಕೊಳ್ಳಿ. ಒಂದು ಕಂಬ ಕೆಟ್ಟರೆ ಅದರ ಎಡಬಲದ ಎರಡು ಅಂಕಣ ಖಾಲಿ ಮಾಡಬೇಕು. ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು, ಎರಡು ಅಂಕಣ: ಹದಿನಾರು ಜಾಗ. ಎರಡು ಸಾವಿರಕ್ಕೆ ಹದಿನಾರು ಅಂದರೆ ಶೇಕಡಾ 0.8. ನೆಲದ ಮೇಲಿನ ನಾಲ್ಕನ್ನೂ ಸೇರಿಸಿದರೆ ಶೇಕಡಾ 1. ಅಷ್ಟು ಜಾಗ ಇಲ್ಲದೆ ಸೇಲ್ ನಿಂತುಹೋಗುತ್ತೆ ಅನ್ನೋದಾದರೆ ಆ ಸೇಲ್ ಪ್ಲಾನ್ ಮಾಡಿದವರನ್ನ ಮೊದಲು ಆಡಿಟ್ ಮಾಡಬೇಕು. ಹದಿನಾರು ಪ್ಯಾಲೆಟ್ ಇಳಿಸೋಕೆ ಒಂದು ಫೋರ್ಕ್‌ಲಿಫ್ಟ್, ಹುಷಾರಾಗಿ ಮೇಲಿನಿಂದ ಶುರುಮಾಡಿ, ಒಂದೆರಡು ಗಂಟೆ.

ಹಾಗಿದ್ದೂ ಯಾಕೆ ಆಗಲ್ಲ ಅಂದರೆ, ಮಾತು ಈಗ ನಿಮ್ಮ ಹತ್ತಿರ ಬರುತ್ತೆ. ಗೋದಾಮಿನಲ್ಲಿ ಯಾವ ಪೆಟ್ಟಿಗೆ ಎಲ್ಲಿ ಇಡಬೇಕು ಅಂತ ಹೇಳೋದು ಈಗ ಮನುಷ್ಯರಲ್ಲ, ಡಬ್ಲ್ಯೂಎಂಎಸ್ ಸಾಫ್ಟ್‌ವೇರ್. ಈ ಸಂಕಲನ ಓದ್ತಾ ಇರೋರಲ್ಲಿ ಅದನ್ನ ಬರೆದವರೋ, ಟೆಸ್ಟ್ ಮಾಡಿದವರೋ, ಅದರ ಡ್ಯಾಶ್‌ಬೋರ್ಡ್ ನೋಡಿ ಪ್ರತಿ ಸೋಮವಾರ ಬೈಯೋರೋ ಖಂಡಿತ ಇರ್ತಾರೆ. ಸಾಮಾನು ಇಳಿಸಿದ ಅಂಕಣವನ್ನ ಆ ಸಾಫ್ಟ್‌ವೇರಿನಲ್ಲಿ ಬ್ಲಾಕ್ ಮಾಡದಿದ್ದರೆ ಅದಕ್ಕೆ ಕಾಣೋದು ಖಾಲಿ ಜಾಗ. ರಾತ್ರಿ ಪಾಳಿಯವನಿಗೆ "ಇಲ್ಲಿಡು" ಅಂತ ಅದೇ ಜಾಗ ತೋರಿಸುತ್ತೆ. ಅವನು ಟೇಪು ಕಿತ್ತು ಇಡ್ತಾನೆ, ಸ್ಕ್ಯಾನರ್ ಹೇಳಿದ ಮೇಲೆ ಟೇಪಿನ ಮಾತು ಯಾರು ಕೇಳ್ತಾರೆ. ಬ್ಲಾಕ್ ಮಾಡೋ ಅಧಿಕಾರ ನಾನು ನೋಡಿದ ಬಹುತೇಕ ಕಡೆ ಶಿಫ್ಟ್ ಸೂಪರ್‌ವೈಸರ್‌ಗೆ ಇಲ್ಲ, ಟಿಕೆಟ್ ಹಾಕಿ ಕಾಯಬೇಕು. ಇನ್ನು ಬ್ಲಾಕ್ ಮಾಡಿದರೋ, ಜಾಗದ ಬಳಕೆಯ ಶೇಕಡಾವಾರು ಕುಸಿದು ಆ ಚೌಕ ಕೆಂಪಾಗುತ್ತೆ, ಮ್ಯಾನೇಜರ್‌ಗೆ ಫೋನ್ ಬರುತ್ತೆ. ಕಂಬ ಕೆಂಪಾದಾಗ ಬಾರದ ಫೋನು.

ನಾನು ಕೇಳೋದು ದೊಡ್ಡದೇನಲ್ಲ. ನೆಲದ ಮೇಲೆ ನಿಂತಿರೋ ಯಾವನೇ ಆಗಲಿ, ಲೋಡರ್ ಆದರೂ ಸರಿ, ಕೈಯಲ್ಲಿರೋ ಸ್ಕ್ಯಾನರಿನಲ್ಲೇ ಕಂಬದ ಎರಡು ಪಕ್ಕದ ಅಂಕಣಗಳನ್ನ ಒಂದೇ ಗುಂಡಿ ಒತ್ತಿ ಬ್ಲಾಕ್ ಮಾಡೋ ಹಾಗಿರಲಿ. ಬಿಡಿಸೋ ಅಧಿಕಾರ ಮಾತ್ರ ಅಳತೆ ಮಾಡಿ ಸಹಿ ಹಾಕಿದವರಿಗಿರಲಿ. ಬ್ಲಾಕ್ ಆದ ಜಾಗವನ್ನ ಬಳಕೆಯ ಲೆಕ್ಕದಿಂದ ಪೂರ್ತಿ ಹೊರಗಿಡಿ, ಇಪ್ಪತ್ತೆಂಟು ದಿನದ ಗಡಿಯಾರ ಓಡಲಿ, ಅದು ಹೆಡ್ ಆಫೀಸಿನ ಪರದೆಯಲ್ಲೂ ಕಾಣಲಿ. ಒಂದು ಸ್ಪ್ರಿಂಟಿನ ಕೆಲಸ ಅಂತ ನಿಮ್ಮವರೇ ಒಬ್ಬರು ನನಗೆ ಹೇಳಿದರು. ಬ್ಯಾಕ್‌ಲಾಗಿನಲ್ಲಿ ಇದೆಯಂತೆ, ಹೋದ ವರ್ಷದಿಂದ.